ವಾಲಿದ ಚೌಕ

ನಮ್ಮ ಮನೆಯಲ್ಲಿ ನಾಮಕರಣವೋ ಗೃಹಪ್ರವೇಶವೋ ಏನೇ ಆಗಲಿ, ಊಟ ಮುಗಿದು ಎಲೆ ಅಡಿಕೆ ತಟ್ಟೆ ಸುತ್ತುವ ಹೊತ್ತಿಗೆ ಅಣ್ಣ ಒಂದು ಕಥೆ ಶುರುಮಾಡುತ್ತಾನೆ. ಅವನ ಹೆಂಡತಿ, ಅಂದರೆ ನನ್ನ ಅತ್ತಿಗೆ, ನಲವತ್ತೊಂದನೆಯ ವಯಸ್ಸಿನಲ್ಲಿ ಹನ್ನೆರಡನೇ ತರಗತಿಯ ಗಣಿತ ಪಾಸು ಮಾಡಿದ ಕಥೆ. "ಎಲ್ಲಾ ನಮ್ ತಂಗಿ ಹೇಳ್ಕೊಟ್ಟಿದ್ದು. ಪ್ರತಿ ಭಾನುವಾರ ವಿದ್ಯಾರಣ್ಯಪುರದಿಂದ ಬಸ್ ಹತ್ಕೊಂಡು ಬರೋಳು. ಎಂ.ಎ. ಓದಿರೋಳು ಅಲ್ವಾ" ಎಂದು ಅವನು ಮುಗಿಸುತ್ತಾನೆ. ಕೇಳಿದವರು ನನ್ನ ಕಡೆ ತಿರುಗಿ ತಲೆದೂಗುತ್ತಾರೆ. ಮೊದಲ ಸಲ ನಾನು ಹಾಗೇನಿಲ್ಲ ಎಂಬಂತೆ ಕೈ ಆಡಿಸಿದೆ. ಎರಡನೆಯ ಸಲದಿಂದ ಅದನ್ನೂ ಬಿಟ್ಟೆ.

ಬಸ್ಸು ಹತ್ತಿ ಹೋಗುತ್ತಿದ್ದುದು ನಿಜ. ಎಂ.ಎ.ಯೂ ನಿಜ, ಅದು ಇತಿಹಾಸದಲ್ಲಿ. ಉಳಿದದ್ದನ್ನು ಬರೆದಿಡೋಣವೆಂದು ಕುಳಿತಾಗ ನನ್ನ ಮುಂದೆ ನನ್ನ ದಿನಚರಿ ಇತ್ತು, ಅತ್ತಿಗೆಯಿಂದ ಕೇಳಿ ತಂದ ನೋಟ್‌ಬುಕ್ ಇತ್ತು, ಫೋನಿನಲ್ಲಿ ಒಂದು ಫೋಟೊ ಇತ್ತು. ನನ್ನ ನೆನಪು ಈ ಮೂರರಲ್ಲಿ ಒಂದಕ್ಕೂ ಹೊಂದಲಿಲ್ಲ. ಹೊಂದದ ಕಡೆಯಲ್ಲೆಲ್ಲ ನೆನಪು ನನ್ನ ಪರವಾಗಿಯೇ ಮಾತಾಡುತ್ತಿತ್ತು. ಇದನ್ನು ಗಮನಿಸಿದ ಮೇಲೆ ಬರೆಯದೆ ಇರುವುದು ಕಷ್ಟವಾಯಿತು.

ಅಣ್ಣ, ಅತ್ತಿಗೆ, ಅಮ್ಮ ಇರುವುದು ಅಲ್ಲಾಳಸಂದ್ರದ ಹಳೆಯ ಊರಿನ ಬೀದಿಯಲ್ಲಿ. ಬಡಾವಣೆಗಳು ಬರುವ ಮೊದಲಿನ ಬೀದಿ ಅದು, ಯಾವ ಮನೆಯೂ ಇನ್ನೊಂದು ಮನೆಗೆ ನೇರವಾಗಿಲ್ಲ. ಬೀದಿ ಕೆರೆಯ ಕಡೆಗೆ ಇಳಿಯುತ್ತದೆ. ಅತ್ತಿಗೆ ಅಲ್ಲಿಗೆ ಅಮೃತಹಳ್ಳಿಯಿಂದ ಬಂದವರು. ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾಗಿ, ಮರುಪರೀಕ್ಷೆಗೆ ಅರ್ಜಿ ಹಾಕುವ ಮೊದಲೇ ಮದುವೆಯಾಗಿ ಬಂದರು. ಆಮೇಲೆ ಸಹಕಾರನಗರದ ಒಂದು ಪ್ಲೇಹೋಮಿನಲ್ಲಿ ಆಯಾ ಆಗಿ ಸೇರಿಕೊಂಡರು. ಮಕ್ಕಳ ಮೂಗು ಒರೆಸುವುದು, ಬೂಟು ಕಟ್ಟುವುದು, ಅತ್ತರೆ ಎತ್ತಿಕೊಳ್ಳುವುದು. ಒಂಬತ್ತು ವರ್ಷ ಅದನ್ನು ಮಾಡಿದ ಮೇಲೆ ಅವರಿಗೆ ಅನ್ನಿಸಿತು: ಮಕ್ಕಳು ಅಳು ನಿಲ್ಲಿಸುವುದು ನನ್ನ ಹತ್ತಿರ, ಹಾಗಿದ್ದ ಮೇಲೆ ಪಾಠ ಹೇಳುವ ಟೀಚರೂ ನಾನೇ ಯಾಕಾಗಬಾರದು? ಟೀಚರಾಗಲು ತರಬೇತಿ ಬೇಕು. ತರಬೇತಿಗೆ ಪಿಯುಸಿ ಮಟ್ಟದ ಪಾಸು ಬೇಕು.

ಅತ್ತಿಗೆ ಮುಕ್ತ ಶಾಲೆಯಲ್ಲಿ ಹೆಸರು ನೋಂದಾಯಿಸಿದರು. ಐದು ವಿಷಯಗಳಲ್ಲಿ ನಾಲ್ಕು ಪಾಸಾದವು. ಗಣಿತ ಉಳಿಯಿತು. ಅದರ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದೆಂದು ಎಲ್ಲರೂ ಹೇಳಿದರು.

"ಹೋಮ್ ಸೈನ್ಸ್ ತಗೋ, ಅಡುಗೆ ಹೆಂಗೂ ಬರುತ್ತಲ್ಲ" ಎಂದ ಅಣ್ಣ.

"ಬರುತ್ತೆ ಅಂತಾನೇ ಬೇಡ ರೀ. ಬರೋದನ್ನ ಯಾರಾದ್ರೂ ಪರೀಕ್ಷೆ ಬರೀತಾರಾ?"

"ಎಲ್ಲಾರೂ ಬರೋದನ್ನೇ ಕಣೆ ಬರೆಯೋದು."

"ನನಗೆ ಅವತ್ತು ಬಿಟ್ಟುಹೋಗಿದ್ದೇ ಗಣಿತ. ಅದೇ ಬೇಕು."

ಈ ಮಾತು ನನ್ನ ದಿನಚರಿಯಲ್ಲಿದೆ, ಆದ್ದರಿಂದ ಇದನ್ನು ನಂಬಬಹುದು. ಹೀಗೆ ನಾನು ಭಾನುವಾರಗಳಂದು ಪಾಠ ಹೇಳಲು ಹೋಗತೊಡಗಿದೆ. ಪಿಯುಸಿಯಲ್ಲಿ ನಾನು ಗಣಿತ ಓದಿದ್ದೆ, ಒಳ್ಳೆಯ ಅಂಕಗಳೂ ಬಂದಿದ್ದವು. ಒಳ್ಳೆಯ ಅಂಕ ಬಂದಿದ್ದರಿಂದ ಗಣಿತ ಬರುತ್ತದೆ ಎಂದುಕೊಂಡಿದ್ದೆ.

ಸರಳ ರೇಖೆಗಳ ಅಧ್ಯಾಯಕ್ಕೆ ಬಂದೆವು. ಇಳಿಜಾರು ಎಂದರೆ ಏನೆಂದು ಹೇಳಲು ನಾನು ನಮ್ಮ ಬೀದಿಯನ್ನೇ ತೋರಿಸಿದೆ. ಮುಂದಕ್ಕೆ ಎಷ್ಟು ಹೋದಿರಿ, ಅಷ್ಟರಲ್ಲಿ ಎಷ್ಟು ಏರಿದಿರಿ. ಏರಿದ್ದನ್ನು ಹೋದದ್ದರಿಂದ ಭಾಗಿಸಿದರೆ ಇಳಿಜಾರು. ಇಳಿದರೆ ಮೈನಸ್. ದಿನವೂ ಆ ಬೀದಿಯಲ್ಲಿ ನೀರಿನ ಕ್ಯಾನು ಹೊತ್ತು ಹತ್ತುವವರಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ. ಆಮೇಲೆ ಲಂಬ ರೇಖೆ. ಒಂದು ಗೆರೆಯ ಇಳಿಜಾರು ಗೊತ್ತಿದ್ದರೆ, ಅದಕ್ಕೆ ಸರಿಯಾಗಿ ಅಡ್ಡ ನಿಲ್ಲುವ ಗೆರೆಯ ಇಳಿಜಾರು ಎಷ್ಟು? ನಾನು ಕೆಂಪು ಪೆನ್ನಿನಲ್ಲಿ ಒಂದು ಚೌಕಟ್ಟು ಹಾಕಿ ಬರೆದೆ: ಭಿನ್ನರಾಶಿಯನ್ನು ತಲೆಕೆಳಗು ಮಾಡಿ, ಮೈನಸ್ ಹಾಕಿ.

"ತಲೆಕೆಳಗು ಯಾಕೆ, ಮೈನಸ್ ಯಾಕೆ?" ಎಂದರು ಅತ್ತಿಗೆ.

"ಅದು ರೂಲು ಅತ್ತಿಗೆ."

"ಯಾರ್ ಮಾಡಿದ್ದು?"

"ಯಾರೋ ದೊಡ್ಡೋರು. ಈಗ ನೀವು ಅದನ್ನೆಲ್ಲ ಕೇಳ್ತಾ ಕೂತ್ರೆ ಅಧ್ಯಾಯ ಮುಗಿಯಲ್ಲ."

"ಸರಿ ಕಣೇ ಟೀಚರಮ್ಮ. ಮೊದ್ಲೇ ಮೈನಸ್ ಇದ್ರೆ?"

ಈ ಪ್ರಶ್ನೆಗೆ ನಾನು ಏನು ಹೇಳಿದೆ ಎಂಬುದು ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ. ಆ ದಿನದ ದಿನಚರಿಯಲ್ಲಿರುವುದು ಇಷ್ಟು: "ಅತ್ತಿಗೆಗೆ ಲಂಬ ರೇಖೆ ಹೇಳಿಕೊಟ್ಟೆ. ಬೇಗ ಹಿಡಿದರು." ಆದರೆ ನೋಟ್‌ಬುಕ್ಕಿನಲ್ಲಿ ಕೆಂಪು ಚೌಕಟ್ಟಿನ ಕೆಳಗೆ ಇನ್ನೊಂದು ಸಾಲಿದೆ. "ಮೈನಸ್ ಮೊದಲೇ ಇದ್ದರೆ ಹಾಗೇ ಬಿಡಿ." ಕೆಂಪು ಶಾಯಿ, ನನ್ನ ಕೈಬರಹ. ನನ್ನ 'ಬ'ದ ಹೊಟ್ಟೆ ಯಾವಾಗಲೂ ತುಸು ದಪ್ಪ, ಅದು ಬೇರೆಯವರದಾಗಲು ಸಾಧ್ಯವಿಲ್ಲ.

ಅದು ತಪ್ಪು. ಮೈನಸ್ ಇದ್ದರೆ ಅದು ಹೋಗಬೇಕು, ಇಲ್ಲದಿದ್ದರೆ ಬರಬೇಕು. ಎರಡು ಇಳಿಜಾರುಗಳನ್ನು ಗುಣಿಸಿದರೆ ಮೈನಸ್ ಒಂದು ಬರಬೇಕೆಂದು ಪುಸ್ತಕದ ಅದೇ ಪುಟದಲ್ಲಿ ಅಚ್ಚಾಗಿತ್ತು. ಒಂದು ಸಲ ಗುಣಿಸಿ ನೋಡಿದ್ದರೆ ಸಾಕಿತ್ತು. ಇಪ್ಪತ್ತು ವರ್ಷದ ಹಿಂದೆ ಬಾಯಿಪಾಠ ಮಾಡಿದ್ದರಲ್ಲಿ ಅರ್ಧ ಉದುರಿಹೋಗಿದೆಯೆಂಬ ಅನುಮಾನ ಕೂಡ ನನಗೆ ಬರಲಿಲ್ಲ.

ಅತ್ತಿಗೆ ಬೇಸಿಗೆಯ ಪರೀಕ್ಷೆ ಬರೆದರು. ಮನೆಗೆ ತಂದ ಪ್ರಶ್ನೆಪತ್ರಿಕೆಯಲ್ಲಿ ನಾಲ್ಕು ಅಂಕದ ಒಂದು ಪ್ರಶ್ನೆ ಇತ್ತು: 2x + 3y = 6 ಎಂಬ ರೇಖೆಗೆ ಲಂಬವಾಗಿ, (4, 1) ಬಿಂದುವಿನ ಮೂಲಕ ಹೋಗುವ ರೇಖೆಯ ಸಮೀಕರಣ ಬರೆಯಿರಿ. ಅವರು ತಮ್ಮ ಉತ್ತರವನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು ಬಂದಿದ್ದರು: 3x + 2y = 14. ಪ್ರಶ್ನೆಯಲ್ಲಿ ಕೊಟ್ಟ ರೇಖೆಯ ಇಳಿಜಾರು ಮೈನಸ್ ಮೂರನೇ ಎರಡು. ನಾನು ಹೇಳಿದಂತೆ ತಲೆಕೆಳಗು ಮಾಡಿ, ಮೈನಸ್ಸನ್ನು ಹಾಗೇ ಬಿಟ್ಟಿದ್ದರು. ನಾನು ಅದರ ಮುಂದೆ ಟಿಕ್ ಹಾಕಿದೆ. ಆ ಟಿಕ್ ಈಗಲೂ ಅಲ್ಲೇ ಇದೆ.

ಫಲಿತಾಂಶ ಬಂದಾಗ ಪಾಸಾಗಲು ಮೂರು ಅಂಕ ಕಡಿಮೆ ಇತ್ತು.

"ಮೂರು ಅಂಕ ಅಲ್ವೇನೆ? ಬಿಡು, ಅದು ಸೋಲಲ್ಲ, ಬಸ್ಸು ಸ್ವಲ್ಪದ್ರಲ್ಲಿ ತಪ್ಪಿದ ಹಾಗೆ" ಎಂದರು ಅತ್ತಿಗೆ ಫೋನಿನಲ್ಲಿ. ಆದರೆ ಮುಂದಿನ ಬಸ್ಸೇ ಕೊನೆಯದು. ನೋಂದಣಿಯ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಮಳೆಗಾಲ ಕಳೆದ ಮೇಲಿನ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಉಳಿದ ನಾಲ್ಕು ವಿಷಯಗಳೂ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ. ಅಷ್ಟು ಹೊತ್ತಿಗೆ ತರಬೇತಿಯ ವಯಸ್ಸೂ ಮೀರಿಬಿಡುತ್ತದೇನೋ ಎಂಬ ಹೆದರಿಕೆ ಅವರಿಗಿತ್ತು. ನನ್ನ ದಿನಚರಿ ಆ ದಿನ ಹೇಳುತ್ತದೆ: "ಅತ್ತಿಗೆ ಗಡಿಬಿಡಿಯಲ್ಲಿ ಏನೋ ತಪ್ಪು ಮಾಡಿರಬೇಕು." ಈ ವಾಕ್ಯವನ್ನು ನಾನು ಹೊಡೆದುಹಾಕಿಲ್ಲ. ಹೊಡೆದುಹಾಕಿದರೆ ನೆನಪು ಕೂಡಲೇ ಆ ಜಾಗದಲ್ಲಿ ಬೇರೆ ಏನಾದರೂ ತುಂಬುತ್ತದೆ.

ಇನ್ನು ಬಾಗಿಲ ಬೆಳಗಿನ ವಿಷಯ.

ನನ್ನ ನೆನಪಿನಲ್ಲಿ ಅದು ಸಂಕ್ರಾಂತಿಯ ಹೊತ್ತಿನ ಬಿಸಿಲಿನ ಬೆಳಗು. ನಾನು ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದೇನೆ, ಅತ್ತಿಗೆ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಾರೆ, ಅಮ್ಮ ಬಂದು ಮಾತಾಡುತ್ತಾಳೆ, ನನಗೆ ಎಲ್ಲವೂ ಒಮ್ಮೆಲೇ ಹೊಳೆಯುತ್ತದೆ. ಎಷ್ಟೋ ಸಲ ಹೀಗೆಯೇ ಹೇಳಿದ್ದೇನೆ. ಫೋಟೊ ನೋಡಿದರೆ ನೆಲ ಒದ್ದೆ. ಅದರ ತಾರೀಖಿಗೆ ಗೌರಿ ಹಬ್ಬಕ್ಕೆ ಇನ್ನೂ ವಾರವಿತ್ತು. ಸಮಯ ಬೆಳಿಗ್ಗೆ ಏಳಕ್ಕೆ ಎಂಟು ನಿಮಿಷ. ಆ ಫೋಟೊ ನಾನು ತೆಗೆದದ್ದಲ್ಲ, ನನಗೆ ಬಂದದ್ದು. ಅಂದರೆ ನಾನು ಅಲ್ಲಿ ಇರಲೇ ಇಲ್ಲ. ವಿದ್ಯಾರಣ್ಯಪುರದ ನನ್ನ ಅಡುಗೆಮನೆಯಲ್ಲಿದ್ದೆ. ಬಾಗಿಲಲ್ಲಿ ನಡೆದದ್ದು ನಾನು ಕೇಳಿದ್ದು, ಮಧ್ಯಾಹ್ನ ತಾರಸಿಯಲ್ಲಿ ನಡೆದದ್ದು ಮಾತ್ರ ಕಂಡದ್ದು. ಕೇಳಿದ್ದನ್ನು ಅತ್ತಿಗೆ ಹೇಳಿದಂತೆಯೇ ಇಡುತ್ತೇನೆ.

ಅವರಿಗೆ ದಿನದಲ್ಲಿ ಸ್ವಂತದ್ದೆಂದು ಸಿಗುತ್ತಿದ್ದುದು ಬಾಗಿಲು ಸಾರಿಸಿ ರಂಗೋಲಿ ಹಾಕುವ ಆ ಅರ್ಧ ಗಂಟೆ. ಒಳಗೆ ಹೋದರೆ ಒಲೆ, ಡಬ್ಬಿ, ಏಳೂಮುಕ್ಕಾಲಿನ ಬಸ್ಸು. ಆದ್ದರಿಂದ ಸೋತ ಮೇಲೆ ಅವರು ಬಾಗಿಲಲ್ಲೇ ಲೆಕ್ಕ ಮಾಡತೊಡಗಿದ್ದರು. ಚುಕ್ಕಿ ಇಡುವುದು ಹೇಗೂ ಇದೆ. ಎರಡು ಚುಕ್ಕಿ ಮುಂದೆ, ಒಂದು ಚುಕ್ಕಿ ಮೇಲೆ. ಅದು ಒಂದು ಗೆರೆ. ನನ್ನ ಕೆಂಪು ರೂಲಿನಂತೆ ಅದರ ಲಂಬ, ಒಂದು ಮುಂದೆ ಎರಡು ಕೆಳಗೆ. ಅಲ್ಲಿಗೆ ಲೆಕ್ಕ ಮುಗಿಯುತ್ತದೆ. ಆದರೆ ನಮ್ಮ ಮನೆಯಲ್ಲಿ ಗೆರೆ ಅಲ್ಲಿಗೆ ಮುಗಿಯುವ ಹಾಗಿಲ್ಲ. ಬಾಗಿಲಲ್ಲಿ ಎಳೆದ ಗೆರೆ ಶುರುವಾದಲ್ಲಿಗೆ ಬಂದು ಕೂಡಬೇಕು, ಬಾಯಿ ಬಿಟ್ಟುಕೊಂಡಿರಬಾರದು ಎಂದು ಅಮ್ಮನ ಕಟ್ಟಪ್ಪಣೆ. ಅದು ಅವಳ ಅತ್ತೆಯಿಂದ ಅವಳಿಗೆ ಬಂದದ್ದು. ಹಾಗಾಗಿ ಅತ್ತಿಗೆ ಪ್ರತಿ ಲೆಕ್ಕಕ್ಕೂ ಇನ್ನೆರಡು ಗೆರೆ ಸೇರಿಸಿ ಮುಚ್ಚುತ್ತಿದ್ದರು. ದಿನವೂ ಒಂದು ಓರೆಯಾಗಿ ಕೂತ ಚೌಕ ಬರುತ್ತಿತ್ತು, ಅದರ ನಡುವೆ ಅರಿಸಿನ ಕುಂಕುಮ ಉದುರಿಸಿ ಏಳುತ್ತಿದ್ದರು. ಲೆಕ್ಕ ದೇವರಿಗೂ ಸಲ್ಲುತ್ತಿತ್ತು.

ಆ ಬೆಳಿಗ್ಗೆ ಅವರು ಬೇಸಿಗೆಯ ಪ್ರಶ್ನೆಪತ್ರಿಕೆಯ ಲೆಕ್ಕ ತೆಗೆದುಕೊಂಡರು. ಅಲ್ಲಿಯವರೆಗಿನವೆಲ್ಲ ಏರುವ ಗೆರೆಗಳು, ಇಳಿಯುವ ಗೆರೆ ಇದೇ ಮೊದಲು. ಮೂರು ಮುಂದೆ, ಎರಡು ಕೆಳಗೆ. ಅದಕ್ಕೆ ನನ್ನ ರೂಲಿನಂತೆ ಲಂಬ, ಎರಡು ಮುಂದೆ, ಮೂರು ಕೆಳಗೆ. ಮುಚ್ಚಿದರು. ಅಮ್ಮ ಹೂವಿನ ಬುಟ್ಟಿ ಹಿಡಿದು ಹೊರಗೆ ಬಂದವಳು ನಿಂತಳು.

"ಇದೇನಮ್ಮಿ, ಇಂಗೆ ವಾಲ್ಕಂಡೈತೆ?"

"ಲೆಕ್ಕ ಅತ್ತೆ. ಲೆಕ್ಕದ ಪ್ರಕಾರ ಹಾಕಿದೀನಿ."

"ನಿನ್ನೆದು ಚೌಕ ಇತ್ತು. ಇದು ಯಾರೋ ತುಳಿದ ಗಾಳಿಪಟ ಇದ್ದಂಗೈತೆ."

"ಚುಕ್ಕಿ ಎಣಿಸಿ ಹಾಕಿದ್ದು ಅತ್ತೆ, ಸರಿಯಾಗೇ ಇದೆ."

"ಚುಕ್ಕಿ ಸರಿಗಿದ್ರೆ ಲೆಕ್ಕಾನೇ ವಾಲೈತೆ ಅಂಗಾರೆ" ಎಂದು ಅಮ್ಮ ದಾಟಿಕೊಂಡು ಹೋದಳು.

ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ರುಜು ಹಾಕುವುದನ್ನು ಕಲಿತದ್ದು ಮೊಮ್ಮಕ್ಕಳಾಗುವ ವಯಸ್ಸಿನಲ್ಲಿ.

ಅತ್ತಿಗೆ ಫೋಟೊ ತೆಗೆದು ನನಗೆ ಕಳಿಸಿದರು. ಕೆಳಗೆ ಒಂದು ಸಾಲು: "ಇದು ಯಾಕೆ ವಾಲಿದೆ?" ನಾನು ಕಾಫಿ ಸೋಸುತ್ತಾ ಉತ್ತರಿಸಿದ್ದು ಇನ್ನೂ ಫೋನಿನಲ್ಲಿದೆ: "ಚುಕ್ಕಿ ತಪ್ಪಿರಬೇಕು ಅತ್ತಿಗೆ, ಇನ್ನೊಂದ್ಸಲ ಎಣಿಸಿ."

ಅಂದು ಭಾನುವಾರವಾದ್ದರಿಂದ ಅತ್ತಿಗೆಗೆ ಬಸ್ಸು ಹಿಡಿಯುವುದಿರಲಿಲ್ಲ, ನನಗೆ ಇತ್ತು. ಬಸ್ಸು ತಡವಾಗಿ, ನಾನು ಹೋಗುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಬಾಗಿಲ ರಂಗೋಲಿಯ ಮೇಲೆ ಯಾರದೋ ಸ್ಕೂಟರ್ ಹಾದುಹೋಗಿತ್ತು. ಅತ್ತಿಗೆ ನನ್ನನ್ನು ಕೂರಲೂ ಬಿಡದೆ ತಾರಸಿಗೆ ಕರೆದುಕೊಂಡು ಹೋದರು. ಅವರ ಕೈಯಲ್ಲಿ ಪ್ಲೇಹೋಮಿನ ಒಂದು ಹಳೆಯ ಸ್ಲೇಟು ಮತ್ತು ಬಳಪ ಇದ್ದವು. ಸ್ಲೇಟಿನ ಮೇಲೆ ಸಾಲುಸಾಲಾಗಿ ಚುಕ್ಕಿ.

"ನೋಡೇ. ನಾವು ದೊಡ್ಡ ರಂಗೋಲಿ ಹಾಕುವಾಗ ಏನ್ ಮಾಡ್ತೀವಿ? ಒಂದು ಮೂಲೆ ಮುಗಿಸ್ತೀವಿ. ಆಮೇಲೆ ಕುಕ್ಕರಗಾಲಲ್ಲೇ ಪಕ್ಕಕ್ಕೆ ಸರಿದು ಕೂತು, ಅದೇ ಮೂಲೇನ ಅಲ್ಲೂ ಹಾಕ್ತೀವಿ. ಗೆರೆ ಬದಲಾಗಲ್ಲ, ನಾವು ತಿರುಗ್ತೀವಿ. ಹೌದಾ?"

"ಹೌದು."

"ನೀನು ಯಾವತ್ತು ಹಾಕಿದೀಯ ಬಿಡು, ಸ್ಟಿಕ್ಕರ್ ಅಂಟಿಸೋಳು. ಈಗ ನಮ್ಮ ಗೆರೆ ನೋಡು. ಮೂರು ಮುಂದೆ, ಎರಡು ಕೆಳಗೆ." ಗೆರೆ ಎಳೆದರು. ಸ್ಲೇಟನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರು. "ಈಗ ಹೇಳು. ಮುಂದೆ ಹೋಗ್ತಿದ್ದ ಮೂರು ಎಲ್ಲಿ ಹೋಯ್ತು?"

"ಮೇಲಕ್ಕೆ."

"ಕೆಳಗೆ ಇಳೀತಿದ್ದ ಎರಡು?"

ನಾನು ನೋಡಿದೆ. ಕೆಳಗೆ ಇಳಿಯುತ್ತಿದ್ದದ್ದು ಈಗ ಮುಂದಕ್ಕೆ ಹೋಗುತ್ತಿತ್ತು.

"ಎರಡು ಮುಂದೆ, ಮೂರು ಮೇಲೆ. ಏರ್ತಾ ಇದೆ ಕಣೇ ಇದು. ಎಲ್ಲಿದೆ ಮೈನಸ್ಸು?"

ಎಲ್ಲಿಯೂ ಇರಲಿಲ್ಲ.

ಅವರು ಒರೆಸಿ ಇನ್ನೊಂದು ಗೆರೆ ಎಳೆದರು, ಏರುವ ಗೆರೆ, ಎರಡು ಮುಂದೆ ಒಂದು ಮೇಲೆ. ಮತ್ತೆ ಕಾಲು ಸುತ್ತು. ಮುಂದೆ ಹೋಗುತ್ತಿದ್ದ ಎರಡು ಮೇಲಕ್ಕೆ ಹೋಯಿತು. ಮೇಲೆ ಏರುತ್ತಿದ್ದ ಒಂದು ಹಿಂದಕ್ಕೆ ಹೋಯಿತು. "ಹಿಂದಕ್ಕೆ ಹೋಯ್ತಲ್ಲ, ಅದೇ ನಿನ್ನ ಮೈನಸ್ಸು. ಹೋಗಿದ್ದು ಏರಾಯ್ತು, ಏರು ಹೋಗಿದ್ದಾಯ್ತು, ಅದಕ್ಕೇ ತಲೆಕೆಳಗು. ದೊಡ್ಡೋರು ಯಾರೋ ಸುಮ್ನೆ ಮಾಡಿದ್ದಲ್ಲ."

ಆ ತಾರಸಿಯ ಮೇಲೆ ಆದದ್ದನ್ನು ಹೇಗೆ ಬರೆಯಲಿ? ಎರಡು ವರ್ಷ ಕಾಲೇಜಿನಲ್ಲಿ ಕೂತು ಅಂಕ ತೆಗೆದಿದ್ದೆ. ಇಳಿಜಾರುಗಳ ಗುಣಲಬ್ಧ ಮೈನಸ್ ಒಂದು ಎಂದು ನೂರು ಸಲ ಬರೆದಿದ್ದೆ. ಆ ಮೈನಸ್ ಒಂದು ಎಲ್ಲಿಂದ ಬರುತ್ತದೆಂದು ನಾನು ಮೊದಲ ಸಲ ಕಂಡದ್ದು ಒಂದು ಸ್ಲೇಟು ತಿರುಗಿದಾಗ. ಸಂತೋಷವಾಯಿತು, ಅದು ಖಂಡಿತ. ಅದರ ಹಿಂದೆಯೇ ಇನ್ನೊಂದು ಬಂತು. ನೋಟ್‌ಬುಕ್ ನಮ್ಮಿಬ್ಬರ ನಡುವೆ ತೆರೆದಿತ್ತು, ಕೆಂಪು ಚೌಕಟ್ಟಿನ ಪುಟವೇ. "ಹಾಗೇ ಬಿಡಿ." ನಾಲ್ಕು ಅಂಕದ ಪ್ರಶ್ನೆ, ಮೂರು ಅಂಕದ ಕೊರತೆ. ಎರಡನ್ನೂ ಪಕ್ಕಪಕ್ಕದಲ್ಲಿಡಲು ಇತಿಹಾಸದ ಎಂ.ಎ. ಬೇಕಾಗಿರಲಿಲ್ಲ.

ಬೇರೆ ಲೆಕ್ಕ ನೋಡೋಣ ಎಂದು ಪುಟ ತಿರುಗಿಸಿದೆ. ಆಗ ಅತ್ತಿಗೆಯ ಕಣ್ಣು ಎಲ್ಲಿತ್ತೋ ನೆನಪಿಲ್ಲ, ನಾನು ಅವರ ಮುಖ ನೋಡುತ್ತಿರಲಿಲ್ಲ. ಜೀವನದಲ್ಲಿ ಒಂದು ಗಣಿತ ಸೂತ್ರ ನನಗೆ ಅರ್ಥವಾದ ಒಂದೇ ಒಂದು ದಿನ ಅದು. ಆ ದಿನದ ದಿನಚರಿಯಲ್ಲಿ ಇರುವುದು: "ಮಳೆ. ಬಸ್ಸು ತಡ."

ಅಲ್ಲಿಂದ ಮುಂದೆ ಭಾನುವಾರಗಳಂದು ಪಾಠ ಹೇಳುತ್ತಿದ್ದವರು ಯಾರೆಂದು ಹೇಳುವುದು ಕಷ್ಟ. ನಾನು ಪುಸ್ತಕದಿಂದ ಲೆಕ್ಕ ಓದುತ್ತಿದ್ದೆ, ಅತ್ತಿಗೆ ಚುಕ್ಕಿ ಇಡುತ್ತಿದ್ದರು. ಒಂದು ಸಲ ಅವರು ಮಲಗಿದ ಗೆರೆಗೆ ಲಂಬ ಕೇಳಿದರು. ಅದರ ಇಳಿಜಾರು ಸೊನ್ನೆ. ತಲೆಕೆಳಗು ಮಾಡಿದರೆ ಒಂದನ್ನು ಸೊನ್ನೆಯಿಂದ ಭಾಗಿಸಬೇಕು, ಅದು ಆಗುವುದಿಲ್ಲ. ನಾನು ಪುಸ್ತಕದ ಅಡಿಟಿಪ್ಪಣಿ ಹುಡುಕುತ್ತಿದ್ದಾಗ ಅವರು ಸ್ಲೇಟು ತಿರುಗಿಸಿ ಮುಗಿಸಿದ್ದರು. ಒಂದು ಮುಂದೆ, ಸೊನ್ನೆ ಮೇಲೆ. ತಿರುಗಿದರೆ ಸೊನ್ನೆ ಮುಂದೆ, ಒಂದು ಮೇಲೆ. ನೆಟ್ಟಗೆ ನಿಂತ ಗೆರೆ.

"ನಿನ್ನ ರೂಲು ಇಲ್ಲಿ ಕೈ ಕೊಡ್ತು. ಚುಕ್ಕಿ ಕೊಡಲಿಲ್ಲ" ಎಂದರು.

ಇನ್ನೊಂದು ವಾರಕ್ಕೆ ಅವರು ಸಮೀಕರಣಕ್ಕೇ ಕೈ ಹಾಕಿದರು. 2x + 3y ಇದ್ದರೆ ಲಂಬ ರೇಖೆ 3x − 2y ಆಗಿಯೇ ತೀರುತ್ತದೆ, ಎರಡು ಅಂಕಿ ಜಾಗ ಬದಲಾಯಿಸುತ್ತವೆ, ನಡುವಿನ ಚಿಹ್ನೆ ತಿರುಗುತ್ತದೆ. ಬಿಂದುವನ್ನು ಅದರಲ್ಲಿ ಹಾಕಿದರೆ ಬಲಗಡೆಯ ಸಂಖ್ಯೆ ತಾನೇ ಬರುತ್ತದೆ. (4, 1) ಹಾಕಿದರೆ ಹನ್ನೆರಡರಲ್ಲಿ ಎರಡು ಕಳೆದು ಹತ್ತು. ಮುಗಿಯಿತು. ಪುಸ್ತಕದಲ್ಲಿ ಏಳು ಸಾಲು ತೆಗೆದುಕೊಂಡ ಲೆಕ್ಕ ಅವರಿಗೆ ಒಂದೂವರೆ ಸಾಲು. ಈ ದಾರಿಯನ್ನು ಅವರಿಗಿಂತ ಮೊದಲು ಎಷ್ಟೋ ಜನ ಕಂಡಿರುತ್ತಾರೆ. ನಮ್ಮ ತಾರಸಿಯಲ್ಲಿ ಕಂಡವರು ಅವರೇ.

ಪರೀಕ್ಷಾ ಕೇಂದ್ರ ಯಶವಂತಪುರದ ಒಂದು ಶಾಲೆ. ನಾನು ರಜೆ ಹಾಕಿ ಜೊತೆಗೆ ಹೋದೆ. ಗೇಟಿನ ಮುಂದೆ ನಿಂತಿದ್ದ ಹುಡುಗಿಯರು ಅತ್ತಿಗೆಯನ್ನು ಯಾರದೋ ತಾಯಿ ಎಂದುಕೊಂಡು, "ಆಂಟಿ, ಪೇರೆಂಟ್ಸು ಆ ಕಡೆ ನಿಲ್ಬೇಕಂತೆ" ಎಂದರು. ಅತ್ತಿಗೆ ಹಾಲ್ ಟಿಕೆಟ್ ತೋರಿಸಿ, "ನಮ್ ಪೇರೆಂಟು ಇವಳು" ಎಂದು ನನ್ನ ಕಡೆ ಕೈ ಮಾಡಿ ಒಳಗೆ ಹೋದರು.

ಮೂರು ಗಂಟೆ ನಾನು ಎದುರಿನ ಜ್ಯೂಸ್ ಅಂಗಡಿಯ ನೆರಳಿನಲ್ಲಿ ಕೂತಿದ್ದೆ. ನನಗಾಗುತ್ತಿದ್ದ ಹೆದರಿಕೆ ಅವರಿಗೋಸ್ಕರವೇ ಅಥವಾ ನನಗೋಸ್ಕರವೇ ಎಂದು ಕೇಳಿಕೊಂಡದ್ದು ದಿನಚರಿಯಲ್ಲಿದೆ. ಅವರು ಪಾಸಾದರೆ ನಾನು ಬಾಯಿ ಬಿಡಬೇಕಾಗಿಲ್ಲ ಎಂಬ ಲೆಕ್ಕವೂ ಅದರಲ್ಲಿ ಸೇರಿತ್ತು.

ಗಂಟೆ ಹೊಡೆಯಿತು. ಅತ್ತಿಗೆ ಎಲ್ಲರಿಗಿಂತ ಕೊನೆಗೆ ಹೊರಬಂದರು. ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ರಸ್ತೆ ದಾಟಿ, ನನ್ನ ನೀರಿನ ಬಾಟಲಿ ತೆಗೆದುಕೊಂಡು ಅರ್ಧ ಕುಡಿದರು.

"ಬಂದಿತ್ತು" ಎಂದರು.

"ಏನು?"

"ಲಂಬ. ಇಳಿಜಾರು ಮೈನಸ್ ಇರೋದೇ ಕೊಟ್ಟಿದ್ರು. ಹಿಂದಿನ ಪುಟದಲ್ಲಿ ರಫ್ ಕೆಲಸಕ್ಕೆ ಚುಕ್ಕಿ ಇಟ್ಟೆ. ಮೇಲ್ವಿಚಾರಕರು ಬಂದು ನಿಂತ್ಕೊಂಡ್ರು. ಇದೇನಮ್ಮ ಅಂದ್ರು. ರಂಗೋಲಿ ಸರ್ ಅಂದೆ."

"ಅಯ್ಯೋ. ಏನಂದ್ರು?"

"ಸ್ವಲ್ಪ ಹೊತ್ತು ನೋಡಿದ್ರು. ಮುಗಿಸಿ ಅಂದ್ರು." ಬಾಟಲಿಯ ಮುಚ್ಚಳ ತಿರುಗಿಸುತ್ತಾ ಅವರು ನಕ್ಕರು. "ಗೆರೆ ಮುಚ್ಚಿದೆ ಕಣೇ. ನಾಲ್ಕು ಗೆರೇನೂ. ಚೌಕ ಬಂತು. ಆಮೇಲೇ ಉತ್ತರ ಬರೆದದ್ದು."

ಫಲಿತಾಂಶ ಬಂದಾಗ ಧನುರ್ಮಾಸ. ಅವರು ಪ್ಲೇಹೋಮಿನಲ್ಲಿ ಯಾವುದೋ ಮಗುವಿಗೆ ಬೂಟು ಹಾಕುತ್ತಿದ್ದರಂತೆ, ನಾನೇ ನಾನು ಕೆಲಸ ಮಾಡುವ ಲೈಬ್ರರಿಯ ಕಂಪ್ಯೂಟರಿನಲ್ಲಿ ನೋಡಿ ಫೋನ್ ಮಾಡಿದೆ. ಅರವತ್ತೆಂಟು. ಮಗು ಏನೋ ಕೇಳುತ್ತಿರುವುದು ಕೇಳಿಸಿತು. "ಇನ್ನೊಂದು ಕಾಲು ಕೊಡು ಬಂಗಾರ" ಎಂದರು ಅತ್ತಿಗೆ. ಬೂಟು ಹಾಕಿ ಮುಗಿಸಿದ ಮೇಲೆ ನನಗೆ, "ಇನ್ನೊಂದ್ಸಲ ಹೇಳೇ" ಎಂದರು. ಹೇಳಿದೆ. "ಇನ್ನೊಂದ್ಸಲ" ಎಂದರು. ಐದು ಸಲ ಹೇಳಿಸಿದರು ಎಂದು ನೆನಪು. ದಿನಚರಿ ಮೂರು ಎನ್ನುತ್ತದೆ. ಇದೊಂದರಲ್ಲಿ ನಾನು ದಿನಚರಿಯನ್ನು ನಂಬುವುದಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲಿಂದ ಎದುರು ಮನೆಯ ಗೇಟಿನವರೆಗೆ ರಂಗೋಲಿ. ಒಂದರೊಳಗೊಂದು ಏಳು ಓರೆ ಚೌಕಗಳು, ಒಂದೂ ವಾಲಿರಲಿಲ್ಲ. ಹಾಲಿನವನು ಸೈಕಲ್ ಇಳಿದು, ಎತ್ತಿಕೊಂಡು ದಾಟಿದ. ಈ ಸಲ ನಾನು ಅಲ್ಲೇ ಇದ್ದೆ, ಹಿಂದಿನ ರಾತ್ರಿಯೇ ಹೋಗಿದ್ದೆ, ಕೊನೆಯ ಚೌಕದ ಒಂದು ಗೆರೆ ನಾನೇ ಎಳೆದದ್ದು. ಅಭ್ಯಾಸವಿಲ್ಲದ ಕೈ, ಅದು ಸ್ವಲ್ಪ ದಪ್ಪವಾಗಿತ್ತು. ಆಗಲೇ ಹೇಳಿದೆ.

"ಅತ್ತಿಗೆ, ಹೋದ್ಸಲ ನೀವು ಫೇಲಾಗಿದ್ದು ನನ್ನಿಂದ. ಹಾಗೇ ಬಿಡಿ ಅಂತ ಬರೆದಿದ್ದು ನಾನು."

ಅವರು ತಲೆ ಎತ್ತಲಿಲ್ಲ, ಪುಡಿ ಬಿಡುತ್ತಲೇ ಇದ್ದರು. "ಗೊತ್ತು. ನಿನ್ನ ಅಕ್ಷರ ನನಗೆ ಗೊತ್ತಿಲ್ವಾ?"

"ಯಾವಾಗಿಂದ?"

"ಅವತ್ತಿಂದ. ತಾರಸಿ ಮೇಲೆ ನೀನು ಪುಟ ತಿರುಗಿಸಿದ್ಯಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮುಂದಿನ ಭಾನುವಾರ ಬರ್ತಿದ್ಯಾ? ನಾಚಿಕೆ ಪಟ್ಕೊಂಡು ಮನೇಲಿ ಕೂರ್ತಿದ್ದೆ. ನನಗೆ ಪುಸ್ತಕ ಓದಿ ಹೇಳೋಕೆ ಒಬ್ರು ಬೇಕಿತ್ತು." ಪುಡಿಯ ಕೈ ಒರೆಸಿಕೊಂಡು ಎದ್ದರು. "ಆ ಗೆರೆ ದಪ್ಪ ಆಗಿದೆ ನೋಡು. ತೆಳ್ಳಗೆ ಮಾಡು."

ಈಗ ಅವರು ಅದೇ ಪ್ಲೇಹೋಮಿನಲ್ಲಿ ಟೀಚರು. ತರಬೇತಿ ಮುಗಿದು ವರ್ಷವಾಗುತ್ತಾ ಬಂತು.

ಹೋದ ತಿಂಗಳು ಅಮೃತಹಳ್ಳಿಯಲ್ಲಿ ಅತ್ತಿಗೆಯ ತಮ್ಮನ ಮನೆಯ ಗೃಹಪ್ರವೇಶ. ಊಟವಾಯಿತು, ಎಲೆ ಅಡಿಕೆ ತಟ್ಟೆ ಬಂತು, ಅಣ್ಣ ಗಂಟಲು ಸರಿಮಾಡಿಕೊಂಡ. ಶುರುಮಾಡಿದ. ಕಥೆ ಬಸ್ಸಿನವರೆಗೆ ಬರಲು ಬಿಟ್ಟೆ.

"ಅಣ್ಣಾ, ಅದು ಹಾಗಲ್ಲ" ಎಂದೆ. ಎಲ್ಲರೂ ತಿರುಗಿದರು. ನಾನು ತಪ್ಪು ರೂಲು ಬರೆದುಕೊಟ್ಟದ್ದು, ಅದಕ್ಕೆ ಟಿಕ್ ಬೇರೆ ಹಾಕಿದ್ದು, ಅತ್ತಿಗೆ ಸ್ಲೇಟು ತಿರುಗಿಸಿ ನನಗೇ ಪಾಠ ಹೇಳಿದ್ದು, ಎಲ್ಲವನ್ನೂ ಹೇಳಿದೆ. ಹೇಳುವಾಗ ಸಂಕ್ರಾಂತಿಯ ಬಿಸಿಲು ಬಾಯಿಗೆ ಬಂತು, ತಡೆದು ಒದ್ದೆ ನೆಲ ಎಂದೆ. ಅತ್ತಿಗೆ ಚಾಪೆಯ ಅಂಚಿನಲ್ಲಿ ಕೂತು ಅಡಿಕೆ ಆರಿಸುತ್ತಿದ್ದರು. ಬೇಡ ಎಂದು ಅವರೇನೂ ಕೈ ಆಡಿಸಲಿಲ್ಲ.

"ಇದೇನೇ ಇದು, ಇಷ್ಟು ದಿನ ನಾನು ಹೇಳಿದ್ದೆಲ್ಲ ಸುಳ್ಳಾ?" ಎಂದ ಅಣ್ಣ. "ಹಂಗಾದ್ರೆ ಇವಳಿಗೆ ಹೇಳ್ಕೊಟ್ಟಿದ್ದು ಯಾರು?"

ಮೂಲೆಯಲ್ಲಿ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದಾಳೆಂದು ನಾವು ತಿಳಿದಿದ್ದ ಅಮ್ಮ ಕಣ್ಣು ಬಿಟ್ಟಳು.

"ನಾನು" ಎಂದಳು. "ಲೆಕ್ಕ ವಾಲೈತೆ ಅಂದೋಳು ಯಾರು? ಇವ್ರಿಬ್ರಿಗೂ ಕಂಡಿರ್ನಿಲ್ಲ."

ಅತ್ತಿಗೆ ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ, ಎಲ್ಲರಿಗಿಂತ ಮೊದಲು ಅಮ್ಮನ ಕೈಗೆ ಕೊಟ್ಟರು.